ಲಂಡನ್ನಿನ ಅಮಾವಾಸ್ಯೆಗೆ ನಿಂತ ಲಾರಿಗಳು

ಪುಕ್ಕಟೆ ಕೊಟ್ಟ ವಸ್ತುವಿಗೆ ಬರುವಷ್ಟು ದೂರು ದುಡ್ಡು ಕೊಟ್ಟು ತಂದ ವಸ್ತುವಿಗೆ ಬರುವುದಿಲ್ಲ. ಅನುಮಾನವಿದ್ದರೆ ಪಕ್ಕದ ಮನೆಯವರಿಗೆ ಒಂದು ಬಟ್ಟಲು ಸಾರು ಕೊಟ್ಟು ನೋಡಿ. ಬಟ್ಟಲು ವಾಪಸು ಬರುವಾಗ "ಉಪ್ಪು ಒಂಚೂರು ಮುಂದಾಗಿತ್ತು" ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಅದೇ ಸಾರನ್ನು ಹೋಟೆಲಿನಲ್ಲಿ ದುಡ್ಡು ಕೊಟ್ಟು ಉಂಡವರು ಮೀಸೆ ಒರೆಸಿಕೊಂಡು ಸುಮ್ಮನೆ ಎದ್ದು ಹೋಗುತ್ತಾರೆ. ನಾನು ಜಗತ್ತಿಗೆ ಪುಕ್ಕಟೆ ಹಂಚುತ್ತಿದ್ದದ್ದು ಸಾರಲ್ಲ, ತಿಥಿ. ಹೊಸಪೇಟೆಯ ಕಾಲೇಜೊಂದರಲ್ಲಿ ಗಣಿತ ಪಾಠ ಹೇಳುತ್ತಿದ್ದ ನಾನು, ದಿನಾಂಕ ಕೊಟ್ಟರೆ ಅಂದು ಯಾವ ತಿಥಿ ಎಂದು ಹೇಳುವ ಒಂದು ಪುಟ್ಟ ಸಾಫ್ಟ್‌ವೇರ್ ಪ್ಯಾಕೇಜು ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದೆ. ಪ್ರೋಗ್ರಾಂ ಬರೆಯುವವರು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳಬಹುದು. ಅದಕ್ಕೆ ಓಪನ್ ಸೋರ್ಸ್ ಎನ್ನುತ್ತಾರೆ. ಬಾಗಿಲು ತೆರೆದಿಟ್ಟ ಮೇಲೆ ಜನ ಒಳಗೆ ಬಂದು ಧೂಳು ಎಲ್ಲೆಲ್ಲಿದೆ ಎಂದು ತೋರಿಸುತ್ತಾರೆ. ಪುಣೆಯ ಒಬ್ಬನಿಗೆ ಅದು ನಿಧಾನವಾಗಿತ್ತು, ಇನ್ನೊಬ್ಬನಿಗೆ ಅದರ ಹೆಸರೇ ಹಿಡಿಸಿರಲಿಲ್ಲ. ನಾನು ಅವರು ಹೇಳಿದ್ದನ್ನೆಲ್ಲ ತಿದ್ದಿ ಕೆಲವು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತಿದ್ದೆ. ಅದು ಬರಲಿ ಎಂದು ಕಾದು ಕೂತವರು ಮಾತ್ರ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ.

ಈ ಕೆಲಸಕ್ಕೆ ಬೇಕಾಗಿದ್ದದ್ದು ಸಂಜೆಯ ಒಂದು ತಾಸು ಫೋನು. ಆಗ ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿತ್ತು. ನಾನು ಒಳಗೆ ಹೋದೆನೆಂದರೆ ಮನೆಗೆ ಯಾರ ಕರೆಯೂ ಬರುವಂತಿಲ್ಲ. ನಮ್ಮದೋ ಲಾರಿಯ ಮನೆ. ಅದಿರಿನ ಆ ವರ್ಷಗಳಲ್ಲಿ ಊರಿನ ಗೋಡೆ, ಗಿಡ, ಒಣಗಲು ಹಾಕಿದ ಬಟ್ಟೆ ಎಲ್ಲ ಕೆಂಪಾಗಿದ್ದವು. ಬುಕ್ಕಸಾಗರದಲ್ಲಿ ಭತ್ತ ಬೆಳೆಯುತ್ತಿದ್ದ ನಮ್ಮ ಮಾವ ಎತ್ತು ಬಿಟ್ಟು ಲಾರಿ ಕಟ್ಟಿದ್ದರು. ಸಂಡೂರು ರಸ್ತೆಯಲ್ಲಿ ಅವರದೊಂದು ಅಂಗಳ, ಅದರ ಮೂಲೆಯಲ್ಲೊಂದು ತಗಡಿನ ಆಫೀಸು. "ಸೊಸಿ ಸಂಜಿ ಆದ್ರ ಆ ಪೆಟ್ಟಿಗಿ ಮುಂದ ಕುಂದರ್ತಾಳಲ್ಲ, ಏನ್ ಮಾಡ್ತಾಳ?" ಎಂದು ನೆಂಟರೊಬ್ಬರು ಕೇಳಿದಾಗ ಮಾವ ಕೊಟ್ಟ ಉತ್ತರವನ್ನು ನಾನು ಪದವಿ ಪತ್ರದಂತೆ ಜೋಪಾನ ಮಾಡಿದ್ದೇನೆ: "ಅಮಾಸಿ ಲೆಕ್ಕ ಹಾಕ್ತಾಳವಾ. ನಿಮ್ಮ ಮನ್ಯಾಗ ಯಾರರ ಹಾಕ್ತಾರೇನು?"

ಅವರಿಗೆ ಅಮಾವಾಸ್ಯೆ ದೊಡ್ಡ ಸಂಗತಿ. ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂಬ ಕಟ್ಟಳೆಯನ್ನು ಅವರು ಹಾಗೇ ಎತ್ತಿ ಲಾರಿಗಳಿಗೂ ಹಾಕಿದ್ದರು. ಬೇರೆ ಮಾಲೀಕರು ಬೆಳಿಗ್ಗೆ ಗಾಲಿಗೆ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದು, ಒಂಬತ್ತಕ್ಕೆಲ್ಲ ಗಾಡಿ ಬಿಡುತ್ತಿದ್ದರು. ನಮ್ಮ ಲಾರಿಗಳು ಮಾತ್ರ ಇಡೀ ದಿನ ಅಂಗಳದಲ್ಲಿ ಮೆಲುಕು ಹಾಕುತ್ತ ನಿಲ್ಲುತ್ತಿದ್ದವು. "ಎತ್ತೂ ದುಡೀತಿದ್ವು, ಇವೂ ದುಡೀತಾವ. ಇವಕ್ಕ ಯಾಕ ರಜ ಬ್ಯಾಡ?" ಎನ್ನುತ್ತಿದ್ದರು ಮಾವ. ಟ್ರಿಪ್ ಶೀಟು ಅಚ್ಚು ಹಾಕಲು ಆಫೀಸಿಗೆ ಕಂಪ್ಯೂಟರ್ ಬಂದಾಗ ನಾನು ಉತ್ಸಾಹದಿಂದ ನನ್ನ ಪ್ಯಾಕೇಜನ್ನು ಅದಕ್ಕೆ ಜೋಡಿಸಿದೆ. ಅಮಾವಾಸ್ಯೆಯಂದು ಪರದೆ ಕೆಂಪಾಗುತ್ತದೆ, ಶೀಟು ಅಚ್ಚಾಗುವುದಿಲ್ಲ. ಶೀಟಿಲ್ಲದೆ ಗಣಿಯ ಗೇಟಿನಲ್ಲಿ ಲಾರಿಯನ್ನು ಒಳಗೆ ಬಿಡುವುದಿಲ್ಲ. ಮಾವ ಬಂದವರಿಗೆಲ್ಲ ಅದನ್ನು ತೋರಿಸಿ, ಆಫೀಸಿನ ಗೋಡೆಯ ಕ್ಯಾಲೆಂಡರನ್ನು ಎದುರಿನ ಚಾ ಅಂಗಡಿಗೆ ದಾನ ಮಾಡಿಬಿಟ್ಟರು.

ಇಷ್ಟರಲ್ಲಿ ಎರಿಕ್ ಎಂಬ ಪುಣ್ಯಾತ್ಮನ ಮೇಲ್ ಬಂತು. ಯಾವುದೋ ಚಳಿ ದೇಶದವನು. ವಿದೇಶಿಯರೆಂದರೆ ಹಂಪಿಗೆ ಬಂದು, ಟೋಪಿ ಹಾಕಿಕೊಂಡು, ಹಾಳು ಗೋಡೆಗಳನ್ನು ಬೆರಗಿನಿಂದ ನೋಡುವವರು ಎಂದಷ್ಟೇ ನನಗೆ ಗೊತ್ತಿತ್ತು. ಈತ ನನ್ನ ಪ್ರೋಗ್ರಾಮನ್ನು ಅಷ್ಟೇ ಬೆರಗಿನಿಂದ ನೋಡಿದ್ದ. ಹೊಸಪೇಟೆಯ ಸೂರ್ಯೋದಯವನ್ನೇ ಇಡೀ ಜಗತ್ತಿಗೆ ಹಿಡಿದು ಲೆಕ್ಕ ಹಾಕಿದ್ದೀರಲ್ಲ, ಇದು ನ್ಯಾಯವೇ ಎಂದು ಕೇಳಿದ್ದ. ನನಗೆ ನಾಚಿಕೆಯಾಯಿತು. ನನಗೆ ಗೊತ್ತಿದ್ದ ಸೂರ್ಯ ನಮ್ಮ ಹಿತ್ತಲ ಬಟ್ಟೆ ಹಗ್ಗದ ಹಿಂದೆ ಹುಟ್ಟುವವನು, ಅವನನ್ನೇ ಬರೆದಿದ್ದೆ. ಎರಿಕ್ ತಾನೇ ತಿದ್ದಿ ಕಳಿಸಿದ: ಬಳಸುವವರು ತಮ್ಮ ಊರನ್ನು ಹೇಳಿಕೊಳ್ಳಬೇಕು, ಹೇಳದಿದ್ದರೆ ಪ್ರೋಗ್ರಾಂ ಲಂಡನ್ನಿನ ಬಗಲಲ್ಲಿರುವ ಗ್ರೀನಿಚ್ ಎಂದು ತಿಳಿದುಕೊಳ್ಳುತ್ತದೆ. ಒಮ್ಮೆಲೇ ಅಂತಾರಾಷ್ಟ್ರೀಯಳಾದ ಸಂಭ್ರಮದಲ್ಲಿ ಹೊಸ ಆವೃತ್ತಿ ಬಿಟ್ಟೆ. ಅದೇ ಸಂಭ್ರಮದಲ್ಲಿ ಮಾವನ ಕಂಪ್ಯೂಟರಿಗೂ ಹಾಕಿದೆ. ಅದಕ್ಕೆ ನಮ್ಮ ಊರು ಹೊಸಪೇಟೆ ಎಂದು ಹೇಳುವುದನ್ನು ಮರೆತೆ.

ಒಂದೆರಡು ತಿಂಗಳು ಏನೂ ಆಗಲಿಲ್ಲ. ಎಲ್ಲ ಅಮಾವಾಸ್ಯೆಗಳೂ ಊರಿಂದೂರಿಗೆ ಬದಲಾಗುವಷ್ಟು ತಕರಾರಿನವಲ್ಲ. ಆಮೇಲೊಂದು ಮಂಗಳವಾರ ಪರದೆ ಕೆಂಪಾಯಿತು. ಡ್ರೈವರುಗಳು ಲಾರಿ ತೊಳೆದರು, ಪೂಜೆ ಮಾಡಿದರು, ಕುಂಬಳಕಾಯಿ ಒಡೆದರು. ಅಡುಗೆಮನೆಯ ಕ್ಯಾಲೆಂಡರು ನೋಡಿ ನಮ್ಮನ್ನು ತಡೆಯಬಹುದಾಗಿದ್ದ ಅತ್ತೆ, ಮಗಳ ಬಾಣಂತನಕ್ಕೆಂದು ಕಂಪ್ಲಿಗೆ ಹೋಗಿದ್ದರು. ಬುಧವಾರ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅಂಗಳದಿಂದ ಮಾವನ ಫೋನು ಬಂತು. "ಏನವಾ, ಒಂದೀಟು ಬಂದು ಹೋಗು" ಎಂದರು. ಮಾವ ನನ್ನನ್ನು ಅಂಗಳಕ್ಕೆ ಕರೆದದ್ದು ಅದೇ ಮೊದಲು.

ಹೋಗಿ ನೋಡಿದರೆ ಪರದೆ ಹಸಿರಾಗಿದೆ, ಶೀಟುಗಳು ಅಚ್ಚಾಗಿವೆ, ಆದರೆ ಒಂದು ಲಾರಿಯೂ ಹೊರಟಿಲ್ಲ. ಗುಡಿಯ ಅಯ್ನೋರು ದಾರಿಯಲ್ಲಿ ಹೋಗುತ್ತ, "ಅಮಾಸಿ ಇವತ್ತಲ್ಲೇನ್ರೋ?" ಎಂದು ಕೇಳಿ ಹೋಗಿದ್ದರಂತೆ. ಡ್ರೈವರುಗಳು ಕೀಲಿ ತಂದು ಮಾವನ ಮುಂದಿಟ್ಟಿದ್ದರು. ಅವರ ಪರವಾಗಿ ಹಿರಿಯ ಡ್ರೈವರು ಖಾಸಿಂ ಸಾಬ್ ಕೇಳಿದ: "ಅಕ್ಕಾರ, ಇವತ್ತಿಂದು ಅಮಾಸಿ ಅಂದ್ರ, ನಿನ್ನಿ ಮಾಡಿದ್ದು ಏನ್ರಿ?"

ನನಗೆ ಥಟ್ಟನೆ ಹೊಳೆಯಿತು. "ನಿನ್ನಿದು... ಲಂಡನ್ ಕಡಿ ಲೆಕ್ಕಾರಿ" ಎಂದೆ. ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಅದೇ ಆ ದಿನದ ತಿಥಿ, ನಿನ್ನೆ ನಮ್ಮಲ್ಲಿ ಸೂರ್ಯ ಹುಟ್ಟಿದಾಗ ಅಮಾವಾಸ್ಯೆ ಇನ್ನೂ ಶುರುವಾಗಿರಲಿಲ್ಲ, ಅಲ್ಲಿ ಹುಟ್ಟುವಷ್ಟರಲ್ಲಿ ಶುರುವಾಗಿತ್ತು ಎಂದು ನೆಲದ ಕೆಂಪು ಧೂಳಿನ ಮೇಲೆ ಗೀಚಿ ತೋರಿಸಿದೆ. ತರಗತಿಯಲ್ಲೂ ಅಷ್ಟು ಚೆನ್ನಾಗಿ ಪಾಠ ಮಾಡಿದವಳಲ್ಲ.

ಮಾವ ಗಮನವಿಟ್ಟು ಕೇಳಿದರು. "ಎಲ್ಲಾ ಖರೇನವಾ. ಆದ್ರ ಲಂಡನ್ನಾಗ ಅಮಾಸಿ ಆದ್ರ ನಮ್ಮ ಗಾಡಿ ಯಾಕ ನಿಂದ್ರಬೇಕು?"

"ಇದು ಭಾಳ ಸಸಾರ ಐತ್ರಿ" ಎಂದು ಖಾಸಿಂ ಸಾಬ್ ನಡುವೆ ಬಾಯಿ ಹಾಕಿದ. "ನಮ್ಮ ಹಬ್ಬಕ್ಕ ಚಂದ್ರ ಕಾಣಬೇಕು, ನಿಮ್ಮ ಅಮಾಸಿಗೆ ಕಾಣಬಾರದು. ಎರಡಕ್ಕೂ ತಲಿ ಎತ್ತಿ ಮ್ಯಾಲೆ ನೋಡಿದ್ರ ಆತು." ಎಲ್ಲರೂ ನಕ್ಕರು. ಮಾವ ನಗಲಿಲ್ಲ. ರಸ್ತೆಯಲ್ಲಿ ಬೇರೆಯವರ ಲಾರಿಗಳು ಸಾಲಾಗಿ ಸಂಡೂರಿನ ಕಡೆ ಓಡುತ್ತಿದ್ದವು, ಅವರು ಅದನ್ನೇ ನೋಡುತ್ತ ಕೂತಿದ್ದರು. ಹೋಯಿತು ನನ್ನ ಸಂಜೆಯ ತಾಸು ಎಂದುಕೊಂಡೆ. ನೆಂಟರಿಗೆ ಇನ್ನು ಯಾವ ಉತ್ತರ ಕೊಡುತ್ತಾರೆ? ಫೋನು ಲಾರಿಗೆ, ನಾನು ಒಲೆಗೆ. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು.

ಅಷ್ಟರಲ್ಲಿ ಮಾವ ರಸ್ತೆಯಿಂದ ಕಣ್ಣು ತಿರುಗಿಸಿ ಕೇಳಿದರು: "ಹಳೇದು ಐತೋ, ಕೆಡಿಸಿಬಿಟ್ಟಿಯೋ?"

"ಐತ್ರಿ ಮಾವಾರ. ಹಳೇವು ಯಾವನ್ನೂ ಕೆಡಿಸಂಗಿಲ್ಲ ನಾವು."

ಅವರ ಮುಖ ಸಡಿಲವಾಯಿತು. "ಹಂಗಾರ ಬಿಡು. ನಾವೂ ಹೊಸ ಬೀಜ ತಂದಾಗ ಹಳೇ ಬೀಜ ಗಡಿಗ್ಯಾಗ ಇಟ್ಟಿರ್ತಿದ್ವಿ. ಆದ್ರ ಹೊಸಾದು ಎಲ್ಲಾ ಹೊಲಕ್ಕೂ ಒಮ್ಮೆಲೆ ಬಿತ್ತತಿದ್ದಿಲ್ಲ, ಮೂಲ್ಯಾಗಿನ ಒಂದು ಮಡಿಗೆ ಹಾಕಿ ನೋಡ್ತಿದ್ವಿ. ಇನ್ಮ್ಯಾಲೆ ನೀನೂ ಮೊದ್ಲು ಒಂದು ಗಾಡಿಗೆ ಹಾಕಿ ನೋಡು." ಆಮೇಲೆ ಡ್ರೈವರುಗಳ ಕಡೆ ತಿರುಗಿ, "ಹೋಗ್ರಲೇ, ಇವತ್ತೂ ರಜ" ಎಂದರು. ಅಂಗಳ ಕ್ಷಣದಲ್ಲಿ ಖಾಲಿಯಾಯಿತು. ನನ್ನ ಸಂಜೆಯ ತಾಸು ಉಳಿಯಿತು. ಚಾ ಅಂಗಡಿಯ ಕ್ಯಾಲೆಂಡರು ಮಾತ್ರ ಮಧ್ಯಾಹ್ನದೊಳಗೆ ತನ್ನ ಹಳೆಯ ಮೊಳೆಗೆ ವಾಪಸು ಬಂತು.

ಅಂದು ಸಂಜೆ ನಡೆದದ್ದನ್ನೆಲ್ಲ ಎರಿಕ್‌ಗೆ ಬರೆದೆ. ತನ್ನ ತಿದ್ದುಪಡಿಯಿಂದ ಎಲ್ಲೋ ಲಾರಿಗಳು ನಿಂತವೆಂದು ಆತ ಬಹಳ ನೊಂದುಕೊಂಡ. ಊರು ಹೇಳದಿದ್ದರೆ ಪ್ರೋಗ್ರಾಂ ಯಾವ ಊರನ್ನೂ ಊಹಿಸಬಾರದು, ಕೇಳಬೇಕು ಎಂದು ಇಬ್ಬರೂ ತೀರ್ಮಾನಿಸಿದೆವು. ಅದನ್ನು ಬರೆದು, ಕ್ಯಾಲೆಂಡರಿನ ಜೊತೆ ತಾಳೆ ನೋಡಿ, ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದ ದಿನಗಳಲ್ಲೇ ಖಾಸಿಂ ಸಾಬ್ ಮನೆಯ ಬಾಗಿಲಿಗೆ ಬಂದ. ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ನಿಂತು, ದನಿ ತಗ್ಗಿಸಿ ಕೇಳಿದ: "ಅಕ್ಕಾರ, ಹೊಸಾದು ಯಾವಾಗ ಬಿಡ್ತೀರಿ?"

ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಬರೋ ತಿಂಗಳು. ಯಾಕ ಖಾಸಿಂ ಸಾಬ್?"

"ಸಾವ್ಕಾರ್ರು ಒಂದು ಗಾಡಿಗೆ ಹಾಕಿ ನೋಡು ಅಂದಾರಲ್ರಿ, ಆ ಗಾಡಿ ನಂದಾ ಇರ್ಲಿ. ಅಮಾಸಿ ಅಂದ್ರ ತೊಳಿಯೋದು, ಪೂಜಿ, ಗ್ರೀಸು ಅನ್ನೋದ್ರಾಗ ಹೋಗ್ತೈತಿ. ಆವತ್ತು ಎರಡನೇ ಅಮಾಸಿಗೆ ಮರಿಯಮ್ಮನಹಳ್ಳಿಗೆ, ಮನಿಗೆ ಹೋಗಿದ್ನಿ. ಮಗಳ ಮಾರಿ ಬೆಳಕಿನ್ಯಾಗ ನೋಡಿ ಭಾಳ ದಿನ ಆಗಿತ್ರಿ."

ನಾನು ಆಗಲಿ ಎಂದೆ. ಕೊಟ್ಟ ಮಾತಿನಂತೆ ಹೊಸ ಆವೃತ್ತಿಯನ್ನು ಮೊದಲು ಅವನ ಲಾರಿಯ ಶೀಟಿಗೇ ಜೋಡಿಸಿದೆ. ಅಮಾವಾಸ್ಯೆ ಬಂತು, ಪರದೆ ಕೆಂಪಾಯಿತು. ಅಯ್ನೋರು, ಕ್ಯಾಲೆಂಡರು, ಅತ್ತೆ, ಎರಿಕ್ ಎಲ್ಲರೂ ಒಪ್ಪುವಂತೆ ಸರಿಯಾಗಿ ಅದೇ ದಿನ. ಮರುದಿನ ಬೆಳಿಗ್ಗೆ ಖಾಸಿಂ ಸಾಬ್ ಆಫೀಸಿಗೆ ಬಂದು ಪರದೆಯನ್ನು ಬಹಳ ಹೊತ್ತು ನೋಡಿದನಂತೆ. ಅದು ಹಸಿರಾಗಿಯೇ ಇತ್ತು. ಶೀಟು ಅಚ್ಚಾಗಿ ಕೈಗೆ ಬಂತು. ನಾನು ಬರೆದವುಗಳಲ್ಲಿ ಒಂದೂ ತಪ್ಪಿಲ್ಲದೆ ಓಡಿದ ಮೊಟ್ಟಮೊದಲ ಆವೃತ್ತಿ ಅದು. ನನ್ನ ಆವೃತ್ತಿಯೊಂದಕ್ಕಾಗಿ ಕಾದು ಕೂತಿದ್ದ ಮೊಟ್ಟಮೊದಲ ಮನುಷ್ಯನ ಮುಂದೆ, ಅದು ತಪ್ಪದೆ ಓಡಿದ್ದಕ್ಕಾಗಿಯೇ ನಾನು ಒಂದು ವಾರ ತಲೆ ತಗ್ಗಿಸಿಕೊಂಡು ಓಡಾಡಿದೆ.