ಉಪ್ಪಿನಿಂದ ಹೊರಡುವ ಸ್ಪ್ಯಾನಿಷ್

ನಮ್ಮ ಮಾವನಿಗೆ ಸ್ಪ್ಯಾನಿಷ್ ಬರುವುದಿಲ್ಲ. ಚೀನೀ ಭಾಷೆಯೂ ಬರುವುದಿಲ್ಲ. ಆದರೂ ಚೀನಾದ ಹುಡುಗನಿಗೆ ಸ್ಪ್ಯಾನಿಷ್ ಕಲಿಸುತ್ತೇನೆಂದು ಒಪ್ಪಿಕೊಂಡರು! ಇಂಥ ಧೈರ್ಯ ಬೇರೆ ಯಾರಿಗುಂಟು?

ಧೈರ್ಯ ಅಂದೆನಾ? ತಪ್ಪಾಯಿತು. ಅವರಷ್ಟು ಪುಕ್ಕಲು ಮನುಷ್ಯ ಇಡೀ ಕತಾರಿನಲ್ಲಿಲ್ಲ. ಗ್ಯಾಸ್ ಆಫ್ ಮಾಡಿ, ಮತ್ತೆ ಹೋಗಿ ಮುಟ್ಟಿ ನೋಡಿ, ಆಮೇಲೆ ನನ್ನನ್ನೂ ಕಳಿಸಿ ಮುಟ್ಟಿಸುವವರು! ಒಪ್ಪಿಕೊಂಡದ್ದೂ ಹೆದರಿಯೇ.

ವಿಶ್ವಕಪ್ ನೋಡಲು ಸ್ಪ್ಯಾನಿಷ್ ಮಾತಾಡುವ ಅರ್ಜೆಂಟೀನಾದವರು ಬರುವವರಿದ್ದರು. ಲುಸೈಲ್‌ನ ನಮ್ಮ ಕ್ಯಾಂಟೀನಿನಲ್ಲಿ ಮಾವ ಅಡುಗೆಯವರು, ನಾನು ಕೈಯಾಳು. ಚೀನಾದ ಲೀಯನ್ನು ಕೆಲಸಕ್ಕೆ ಸೇರಿಸಿದ್ದೂ ಮಾವನೇ. ಮ್ಯಾನೇಜರ್ ಬಂದು ಮಾವನ ಮೇಲೆ ಗುಡುಗಿದ: "ಕೌಂಟರಿಗೆ ಲೀ. ಸ್ಪ್ಯಾನಿಷ್ ನೀನೇ ಕಲಿಸು. ಗೆಸ್ಟ್ ಕೇಳಿದ್ದು ಕೊಡ್ಲಿಕ್ಕೆ ಬರದಿದ್ರೆ ಅವನೂ ಖಲಾಸ್, ನೀನೂ ಖಲಾಸ್!"

ಅಂದಿನಿಂದ ಮಾವನಿಗೆ ಅನ್ನ ಇಳಿಯಲಿಲ್ಲ. ಫೋನಿಗೆ ಎಐ ಮೇಷ್ಟ್ರನ್ನು ಹಾಕಿಸಿಕೊಂಡರು. ಸಾಮಾನಿನ ಫೋಟೊ ಹೊಡೆದರೆ ಅದು ಸ್ಪ್ಯಾನಿಷ್ ಪದ ಹೇಳಿ, ಚೀನೀ ಭಾಷೆಯಲ್ಲಿ ಅರ್ಥವನ್ನೂ ಹೇಳುತ್ತದೆ. ಆಮೇಲೆ ಪದಗಳನ್ನು ಕಲಸಿ ಪ್ರಶ್ನೆ ಕೇಳುತ್ತದೆ. ಮಾವನಿಗೆ ಅದೇ ಸೇರಲಿಲ್ಲ.

"ಮಗ್ಗಿಯನ್ನು ಯಾರಾದ್ರೂ ಹಿಂದೆ ಮುಂದೆ ಮಾಡಿ ಹೇಳಿಸ್ತಾರಾ ಮಾರಾಯ?" ಎಂದು ಕಲಸುವುದನ್ನೇ ಬಂದ್ ಮಾಡಿಸಿದರು.

ಲೀಯನ್ನು ಕೈಕಟ್ಟಿ ನಿಲ್ಲಿಸಿದರು. ಉಪ್ಪು, ಸಕ್ಕರೆ, ಬ್ರೆಡ್ಡು, ಹಾಲು, ನೀರು, ಹೀಗೆ ಕೋಳಿಯ ತನಕ. "ಸಾಲ್, ಅಸೂಕಾರ್, ಪಾನ್, ಲೇಚೆ, ಅಗ್ವಾ..." ರಾಗ ಮಾತ್ರ ನಮ್ಮೂರ ಶಾಲೆಯ ಎರಡರ ಮಗ್ಗಿಯದೇ! ಲೀ ಕಣ್ಣು ಮುಚ್ಚಿ ಒಪ್ಪಿಸತೊಡಗಿದ. ಮಾವ ಅಂದು ಎರಡು ತಟ್ಟೆ ಉಂಡರು.

ನನಗೆ ಡೌಟು. ನೀರಿನ ಬಾಟಲಿ ಎತ್ತಿ ತೋರಿಸಿದೆ. ಲೀ ಕೈಕಟ್ಟಿ, "ಸಾಲ್, ಅಸೂಕಾರ್..." ಎಂದು ಉಪ್ಪಿನಿಂದ ಹೊರಟು, ದಾರಿಯ ಸ್ಟಾಪೆಲ್ಲ ಮುಗಿಸಿ ನೀರಿಗೆ ಬಂದು ಇಳಿದ!

"ಮಾವ, ಇವ ಕೋಳಿಗೆ ಬಂದು ಮುಟ್ಟುವಾಗ ಮ್ಯಾಚೇ ಮುಗೀತದೆ."

"ಅಯ್ಯೋ, ಎಂತ ಮಾಡುದು ಈಗ?"

"ಫೋನ್ ಹೇಳಿದ ಹಾಗೆ ಕಲಸಿ."

"ಕಲಸಿ ಇದ್ದದ್ದೂ ಹೋದ್ರೆ?"

ನಡುಗುತ್ತಲೇ ಕಲಸಿದರು. ಇದ್ದದ್ದೂ ಹೋಯಿತು! ಲೀ ಹಾಲಿಗೆ ಉಪ್ಪೆಂದ, ಉಪ್ಪಿಗೆ ಬ್ರೆಡ್ಡೆಂದ. ಮಾವ ಗಡಿಬಿಡಿಯಲ್ಲಿ ಮತ್ತೆ ಬಂದ್ ಮಾಡಿಸಿದರು.

ಮರುದಿನವೇ ಮ್ಯಾನೇಜರ್ ಬಂದು ನಿಂತ. "ಯಲ್ಲಾ, ಬೇಗ ಶುರು!" ಹಾಲಿನ ಪ್ಯಾಕೆಟ್ ಎತ್ತಿ ಹಿಡಿದ.

ಲೀ ಕೈಕಟ್ಟಿದ. "ಸಾಲ್..."

ಮಾವ ಅಷ್ಟು ಕೇಳಿದ್ದೇ ತಡ, ಬೆವತು, ಒಲೆಯ ಪಕ್ಕ ಧೊಪ್ಪನೆ ಬಿದ್ದರು. ನಾನು ಅವರ ತಲೆ ಹಿಡಿದುಕೊಂಡೆ. ಲೀ ಕೌಂಟರ್ ಹಾರಿ, ಮ್ಯಾನೇಜರನನ್ನು ಪಕ್ಕಕ್ಕೆ ತಳ್ಳಿ, ನೀರಿನ ಬಾಟಲಿ ಹಿಡಿದು ಓಡಿ ಬಂದ.

"ಅಗ್ವಾ! ಅಗ್ವಾ! ಅಗ್ವಾ!"

ಮ್ಯಾನೇಜರ್ ಹಾಲಿನ ಪ್ಯಾಕೆಟ್ ಮೆಲ್ಲಗೆ ಕೆಳಗಿಟ್ಟ. "ಕೌಂಟರಿನಲ್ಲಿ ಇವನೇ ಇರ್ಲಿ," ಎಂದ.

ಎರಡು ಗುಟುಕು ಇಳಿದ ಮೇಲೆ ಮಾವ ಕಣ್ಣು ಬಿಟ್ಟರು. ಲೀ ತನ್ನ ಏಪ್ರನ್ನಿನಿಂದ ಅವರ ಮುಖ ಒರೆಸುತ್ತಿದ್ದ. ಮಾವ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕನ್ನಡದಲ್ಲೇ ಕೇಳಿದರು:

"ಉಪ್ಪಿಂದ ಸುರು ಮಾಡ್ಲಿಲ್ಲ ಅಲ್ವಾ ಮಗಾ?"