ಅಲುಗಾಡುವ ನಾಲ್ಕು ಹಲ್ಲು

ಬೀಗ ರಿಪೇರಿಯವನು ಆ ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ ನೊರೆ ಕೆಂಪಗಿತ್ತು. ಅವನೊಬ್ಬನೇ ನೋಡಿದ್ದರೆ ಒಂದು ಚೊಂಬು ನೀರು ಹೊಯ್ದು ಸುಮ್ಮನಾಗುತ್ತಿದ್ದ. ಆದರೆ ಅಂಗಳದ ನಲ್ಲಿಗೆ ಸರದಿ ನಿಂತಿದ್ದ ಪಕ್ಕದ ಮನೆಯ ಕಾಂಪೌಂಡರ್ ಕೂಡ ನೋಡಿದ.

ಅರ್ಧ ಕೇಳಿದ್ದನ್ನು ಪೂರ್ತಿ ಹೇಳುವುದರಲ್ಲಿ ಕಾಂಪೌಂಡರ್ ನಿಸ್ಸೀಮ. ಬಾಯಿ ಚೊಕ್ಕಟವಾಗಿ ಇಟ್ಟುಕೊಳ್ಳದವರಿಗೆ ವಯಸ್ಸಾದ ಮೇಲೆ ಮರೆವು ಹಿಡಿಯುತ್ತದೆ, ವಸಡಿನ ಕೊಳಕು ನೆಟ್ಟಗೆ ಮೆದುಳಿಗೇ ಏರುತ್ತದೆ ಎಂದು ವಿವರಿಸಿ, ತಣ್ಣಗೆ ಕೇಳಿದ: "ನಿಮ್ಮಣ್ಣ ಹಲ್ಲುಜ್ಜುತ್ತಿದ್ರಾ?"

ಅಣ್ಣ ಉಜ್ಜುತ್ತಿದ್ದುದು ಯಾರದಾದರೂ ಮದುವೆಗೆ ಹೊರಟಾಗ ಮಾತ್ರ. ಈಗ ಅವನಿಗೆ ಹೆಂಡತಿ ಸತ್ತದ್ದೂ ನೆನಪಿಲ್ಲ. ಗುರುತು ಹಿಡಿಯುವುದು ತಮ್ಮನೊಬ್ಬನನ್ನೇ. ಬೀಗದವನು ಮತ್ತೊಮ್ಮೆ ಬಾಯಿ ಮುಕ್ಕಳಿಸಿ ಉಗುಳಿ ನೋಡಿದ. ತಾನೂ ಮರೆಗುಳಿಯಾದರೆ ಅಣ್ಣನನ್ನು ನೋಡಿಕೊಳ್ಳುವವರು ಯಾರು?

ಅದೇ ಚಿಂತೆಯಲ್ಲಿ ಅಂಗಡಿಗೆ ಹೋಗಿ ಒಬ್ಬರ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟ. ಬೈಸಿಕೊಂಡ. ಪಕ್ಕದ ದರ್ಜಿ ಸೂಜಿಗೆ ದಾರ ಪೋಣಿಸುತ್ತಲೇ, "ಅಣ್ಣನ ಹಾಗೇ ನಿಮಗೂ ಶುರುವಾಯ್ತು ಅನ್ಸತ್ತೆ" ಎಂದ. ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಅವನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಗಾಳಕ್ಕೆ ಸಿಕ್ಕ ಮೀನಿನಂತೆ ಬಾಯಿ ತೆರೆದು ಮಲಗಿದ್ದ.

ಡಾಕ್ಟರಮ್ಮ ಸಮಾಧಾನದ ಹೆಂಗಸು. ವಸಡಿಗೂ ಮರೆವಿಗೂ ನಂಟಿರಬಹುದು ಎನ್ನುತ್ತಾರೆ, ಆದರೆ ಅದೇ ಕಾರಣವೆಂದು ಸಾಬೀತಾಗಿಲ್ಲ, ಮುಂದಿನ ನಾಲ್ಕು ಹಲ್ಲು ಅಲುಗಾಡುತ್ತಿದ್ದರೂ ಶುಚಿ ಮಾಡಿ ಉಳಿಸಿ ನೋಡೋಣ ಎಂದರು.

"ಉಳಿಸೋದು ಬೇಡಮ್ಮ, ಕಿತ್ತುಬಿಡಿ. ನನ್ನ ತಲೆ ಕೆಟ್ರೆ ಅಣ್ಣ ಬೀದಿಪಾಲಾಗ್ತಾನೆ."

ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನಾಲ್ಕೂ ಹೊರಬಂದವು. ಬಾಯಿತುಂಬ ಹತ್ತಿ ಕಚ್ಚಿಕೊಂಡು, ಊದಿದ ಮೂತಿ ಹೊತ್ತು, ಆದರೂ ಏನೋ ಗೆದ್ದವನ ಗತ್ತಿನಲ್ಲಿ ಮನೆಗೆ ಬಂದು ಬಾಗಿಲು ತಟ್ಟಿದ.

ಅಣ್ಣ ಬಾಗಿಲು ಓರೆ ಮಾಡಿ ನೋಡಿದ. "ಯಾರು ಬೇಕಾಗಿತ್ತು?"

ನಾನೇ ಅಣ್ಣ ಎಂದದ್ದು ಹತ್ತಿಯಲ್ಲಿ ಸಿಕ್ಕಿಕೊಂಡು ಎಮ್ಮೆ ಕೂಗಿದಂತೆ ಕೇಳಿಸಿತು. ಸದ್ದಿಗೆ ಕಾಂಪೌಂಡರ್ ಓಡಿಬಂದು, ಇವನು ನಿಮ್ಮ ತಮ್ಮನೇ ಎಂದು ಸಾಕ್ಷಿ ಹೇಳಿದ. ಬೀಗದವನು ಹತ್ತಿ ತೆಗೆದು ನಕ್ಕೂ ತೋರಿಸಿದ. ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ನನ್ನ ತಮ್ಮನದು ಉಬ್ಬುಹಲ್ಲು. ನಕ್ರೆ ಬೀದಿ ಆಚೆಯಿಂದ್ಲೇ ಗೊತ್ತಾಗತ್ತೆ."

ಆಮೇಲೆ ಬಂದವನ ಗಲ್ಲದ ಮೇಲಿನ ರಕ್ತ ನೋಡಿ ಕನಿಕರ ಹುಟ್ಟಿತೇನೋ, ಬಾಗಿಲನ್ನು ಪೂರ್ತಿ ತೆರೆದ.

"ಪಾಪ, ಏಟು ಬಿದ್ದಿದೆ. ಒಳಗೆ ಬನ್ನಿ ಯಜಮಾನ್ರೇ. ಇನ್ನೇನು ಅವನು ಬರೋ ಹೊತ್ತು. ನಿಮಗೇನು ಬೇಕೋ ಅವನನ್ನೇ ಕೇಳಿ."

ಬೀಗದವನು ತನ್ನದೇ ಮನೆಯಲ್ಲಿ ಹೊಸ ನೆಂಟನಂತೆ ಕುರ್ಚಿಯ ತುದಿಗೆ ಕೂತ. ಅಣ್ಣ ಕಿಟಕಿಯ ಬಳಿ ನಿಂತು ಬೀದಿ ನೋಡುತ್ತಿದ್ದ. ಊಟದ ಹೊತ್ತಾದರೂ ಅಲ್ಲಿಂದ ಕದಲಲಿಲ್ಲ. ತಟ್ಟೆ ಹಿಡಿದು ಬಂದ ಅಪರಿಚಿತನಿಗೆ, ತಮ್ಮ ಬರದೆ ತನಗೆ ಒಂದಗುಳೂ ಇಳಿಯುವುದಿಲ್ಲ ಎಂದು ಸಂಕೋಚದಿಂದ ಹೇಳಿದ.