ಊರಿಗೆಲ್ಲ ಸೆಂಟರ್, ನನಗೊಂದು ಅಂಗಡಿ ಇಲ್ಲ

ಬೋರ್ಡು ಬರೆಯುವವನ ಹತ್ತಿರ ಜನ ತಮ್ಮ ಆಸೆಯನ್ನು ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ಹಾಗಾಗಿ ನಗುವ ಪ್ರಸಂಗಗಳಿಗೆ ನನ್ನ ಜಗಲಿಯಲ್ಲಿ ಯಾವತ್ತೂ ಬರಗಾಲ ಬರಲಿಲ್ಲ.

ಎಪ್ಪತ್ತರ ದಶಕದಲ್ಲಿ ಮಂಗಳೂರಿನ ಅಂಗಡಿಗಳು ‘ಸ್ಟೋರ್ಸ್’, ‘ಭವನ’, ‘ಆಂಡ್ ಸನ್ಸ್’ ಎಂದು ಹೆಸರಿಟ್ಟುಕೊಂಡು ಸುಖವಾಗಿದ್ದವು. ಆಮೇಲೆ ಗಲ್ಫಿನಿಂದ ಯಾರೋ ಪುಣ್ಯಾತ್ಮರು ಟೇಪ್ ರೆಕಾರ್ಡರಿನ ಜೊತೆಗೆ ‘ಸೆಂಟರ್’ ಎಂಬ ಶಬ್ದವನ್ನೂ ತಂದರು. ನೋಡನೋಡುತ್ತಿದ್ದಂತೆ ಸೀರೆಗೆ ಸೆಂಟರ್, ಚಪ್ಪಲಿಗೆ ಸೆಂಟರ್, ಬಾಳೆಹಣ್ಣಿಗೂ ಸೆಂಟರ್! ಅಷ್ಟನ್ನೂ ಬರೆದವನು ನಾನು, ಅತ್ತಾವರದ ನನ್ನ ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಕೂತು.

ಆದರೆ ನನಗೆ ಸ್ವಂತದ್ದೊಂದು ಅಂಗಡಿ ಇರಲಿಲ್ಲ. ಇದೇ ಕಾರಣಕ್ಕೆ ಎರಡು ಸಂಬಂಧ ತಪ್ಪಿಹೋಗಿತ್ತು. ಮೂರನೆಯದು ಕಾವೂರಿನ ಹುಡುಗಿ. ಅವಳನ್ನು ನೋಡಿ ಬಂದ ದಿನದಿಂದ ನನಗೆ ಊಟವೂ ರುಚಿಸುತ್ತಿರಲಿಲ್ಲ, ಮದುವೆಯಾದರೆ ಅವಳನ್ನೇ ಎಂದು ತೀರ್ಮಾನಿಸಿಬಿಟ್ಟಿದ್ದೆ. ಹುಡುಗಿ ಒಪ್ಪಿದ್ದಳು, ಅವಳ ಅಪ್ಪನೂ ಒಪ್ಪಿದ್ದರು. ಆದರೆ ನಮ್ಮ ತುಳುವರಲ್ಲಿ ಅಷ್ಟು ಸಾಲದು, ಸೋದರಮಾವ ಒಪ್ಪಬೇಕು. ಆ ಸೋದರಮಾವ ಹೇಳಿ ಕಳುಹಿಸಿದ್ದರು: “ಹುಡುಗನಿಗೆ ಅಂಗಡಿ ಉಂಟಾ ಅಂತ ನಾನೇ ಬಂದು ನೋಡ್ತೇನೆ. ಮತ್ತೆ ಮಾತು.”

ಮೆಟ್ಟಿಲ ಕೆಳಗಿನ ಸೆಂಟರ್

ಅಂಗಡಿ ಹುಡುಕುತ್ತ ಮೊದಲು ಹಂಪನಕಟ್ಟೆಗೆ ಓಡಿದೆ. ಅಲ್ಲೊಬ್ಬ ವಾಚ್ ರಿಪೇರಿಯವನು ಹಿಂದಿನ ತಿಂಗಳು ನನ್ನಿಂದ ಆರಡಿಯ ‘ವಾಚ್ ಸೆಂಟರ್’ ಬೋರ್ಡು ಬರೆಸಿಕೊಂಡು ಹೋಗಿದ್ದ. ಕಷ್ಟ ಹೇಳಿಕೊಂಡೆ.

“ಅದಕ್ಕೆಂತ ಮಾರಾಯ, ನನ್ನ ಸೆಂಟರಿನಲ್ಲಿ ಅರ್ಧ ಜಾಗ ನಿನಗೆ” ಎಂದ.

ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. ಅವನ ಹಿಂದೆಯೇ ಹೋದೆ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಸ್ಟೂಲು. ಮೇಲೆ ನನ್ನ ಬೋರ್ಡು, ಎರಡೂ ಕಡೆ ಅಂಗಡಿಗಿಂತ ಒಂದೊಂದು ಅಡಿ ಹೊರಗೆ ಚಾಚಿಕೊಂಡು. ಅವನು ತಲೆ ತಗ್ಗಿಸಿ ಒಳಗೆ ನುಸುಳಿ ಸ್ಟೂಲಿನ ಮೇಲೆ ಕೂತ.

“ನಾನೂ ಒಳಗೆ ಬಂದು ನೋಡಬಹುದಾ?” ಎಂದೆ.

“ಧಾರಾಳ! ಸ್ವಲ್ಪ ನಿಲ್ಲು, ನಾನು ಹೊರಗೆ ಬರ್ತೇನೆ” ಎಂದ.

ಒಂದು ವೃತ್ತಕ್ಕೆ ಒಂದೇ

ಕೊಟ್ಟಾರದಲ್ಲಿ ನಿವೃತ್ತ ಲೆಕ್ಕದ ಮಾಸ್ಟ್ರೊಬ್ಬರ ಮನೆಯ ಮುಂದಿನ ಕೋಣೆ ಖಾಲಿ ಉಂಟೆಂದು ಸುದ್ದಿ ಬಂತು. ಸೈಕಲ್ ತುಳಿದುಕೊಂಡು ಹೋದೆ. ಬೋರ್ಡು ಬರೆಯುವವನು ಎಂದು ಹೇಳಿದ್ದೇ ತಡ, ಮಾಸ್ಟ್ರು ನನ್ನ ಕೈ ಹಿಡಿದು ರಸ್ತೆಗೆ ಎಳೆದುಕೊಂಡು ಹೋದರು.

“ಎಣಿಸು!”

ಎಣಿಸಿದೆ. ಆ ಪುಟ್ಟ ರಸ್ತೆಯಲ್ಲಿ ನನ್ನದೇ ಕೈಬರಹದ ಐದು ಸೆಂಟರ್‌ಗಳಿದ್ದವು.

“ಒಂದು ವೃತ್ತಕ್ಕೆ ಕೇಂದ್ರ ಎಷ್ಟು?”

“ಒಂದು, ಮಾಸ್ಟ್ರೇ.”

“ಮತ್ತೆ ಇದೆಂತ? ನಲವತ್ತು ವರ್ಷ ನಾನು ಕಲಿಸಿದ್ದನ್ನು ನೀನು ಒಂದು ಡಬ್ಬಿ ಪೈಂಟಿನಲ್ಲಿ ಹಾಳು ಮಾಡಿದೆಯಲ್ಲ! ಕೋಣೆ ಇಲ್ಲ, ಹೋಗು.”

ಎಂಟು ದಿನ ಕಳೆದು ಅವರೇ ಹೇಳಿ ಕಳುಹಿಸಿದರು. ಮನಸ್ಸು ಕರಗಿತು, ಕೋಣೆ ಸಿಕ್ಕಿತು, ಮದುವೆಯೂ ಆಯಿತು ಎಂದೇ ಹಾರಿಕೊಂಡು ಹೋದೆ. ಹೋಗಿ ನೋಡಿದರೆ ಆ ಕೋಣೆಯಲ್ಲಿ ಬೆಂಚು ಹಾಕಿ ಹತ್ತು ಮಕ್ಕಳನ್ನು ಕೂರಿಸಿದ್ದಾರೆ.

“ಒಂದು ಬೋರ್ಡು ಬೇಕಲ್ಲ” ಎಂದರು. “ಟ್ಯೂಷನ್ ಸೆಂಟರ್.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಒಂದು ವೃತ್ತಕ್ಕೆ ಒಂದೇ ಅಲ್ವಾ ಮಾಸ್ಟ್ರೇ?”

“ಹೌದು” ಎಂದರು, ಕಣ್ಣು ಕೂಡ ಮಿಟುಕಿಸದೆ. “ಉಳಿದ ಐದೂ ತಪ್ಪು.”

ಸೋದರಮಾವ ಬಂದದ್ದು

ಅಂಗಡಿ ಸಿಗಲಿಲ್ಲ, ಸೋದರಮಾವ ಬರುವ ಭಾನುವಾರ ಬಂತು. ಹತ್ತು ಗಂಟೆಗೆ ಅಂದಿದ್ದರು. ಅಷ್ಟರಲ್ಲಿ ಒಂಬತ್ತು ಬೋರ್ಡು ಮುಗಿಸಿ, ಸ್ನಾನ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಾಲಿಗೆ ಬೀಳುವುದೆಂದು ನಾನೂ ದೊಡ್ಡಮ್ಮನೂ ನಿಶ್ಚಯಿಸಿದ್ದೆವು.

ಎಂಟೂವರೆಗೆ ನಾನು ಬಣ್ಣ ಮೆತ್ತಿದ ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿ, ವಾರದ ಗಡ್ಡದಲ್ಲಿ ಒಂಬತ್ತನೆಯ ಬೋರ್ಡಿನ ಕೊನೆಯ ಅಕ್ಷರಕ್ಕೆ ಕೆಂಪು ತುಂಬುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಬಿಳಿ ಶರಟು, ಬಿಳಿ ಮುಂಡಿನಲ್ಲಿ ಸೋದರಮಾವ. ಎಷ್ಟು ಹೊತ್ತಿನಿಂದ ನಿಂತಿದ್ದರೋ!

“ಯಜಮಾನರು ಎಲ್ಲಿ?” ಎಂದು ಕೇಳಿದರು.

ನನ್ನ ಬುದ್ಧಿಗೆ ಆ ಕ್ಷಣ ಎಂತ ಆಯಿತೋ! “ಸ್ನಾನಕ್ಕೆ ಹೋಗಿದ್ದಾರೆ” ಎಂದೆ. ಬೋರ್ಡನ್ನು ಗೋಡೆಗೆ ಒರಗಿಸಿ, ಒಳಗೆ ಓಡಿ ಸ್ನಾನಕ್ಕೇ ಹೋದೆ.

ಗಡ್ಡ ಬೋಳಿಸಿ, ಪೌಡರ್ ಹಚ್ಚಿ, ಪ್ಯಾಂಟು ಏರಿಸಿಕೊಂಡು ಹೊರಗೆ ಬಂದರೆ ಸೋದರಮಾವ ಸಾಲಾಗಿ ನಿಂತ ಬೋರ್ಡುಗಳನ್ನೆಲ್ಲ ಓದಿ ಮುಗಿಸಿ, ಕೊನೆಯದಕ್ಕೆ ಆರಾಮಾಗಿ ಒರಗಿ ನಿಂತಿದ್ದರು. ಬಳೆ ಸೆಂಟರ್, ಸೈಕಲ್ ಸೆಂಟರ್, ಫ್ಯಾನ್ಸಿ ಸೆಂಟರ್...

“ಇಷ್ಟೂ ನಿಮ್ಮದೇಯಾ?” ಎಂದರು.

ಒಂದು ‘ಹೌದು’ ಅಂದರೆ ಕಾವೂರಿನ ಹುಡುಗಿ ನನ್ನವಳು. ನಾಲಿಗೆ ಎಷ್ಟು ತುರಿಸಿತೆಂದು ದೇವರಿಗೇ ಗೊತ್ತು. ಅಷ್ಟರಲ್ಲಿ ಅವರೇ ತಲೆ ಅಲ್ಲಾಡಿಸಿದರು.

“ಈ ಸಂಬಂಧ ಬೇಡ. ಒಂದು ಅಂಗಡಿ ಇಟ್ಟುಕೊಂಡ ನನಗೇ ಮಧ್ಯಾಹ್ನ ಉಣ್ಣಲಿಕ್ಕೆ ಪುರುಸೊತ್ತಿಲ್ಲ. ಒಂಬತ್ತು ಇರುವವ ನಮ್ಮ ಹುಡುಗಿಯ ಮುಖ ನೋಡುವುದು ಯಾವಾಗ?”

“ಅಯ್ಯೋ ಮಾವ!” ಮದುವೆಗೆ ಮೊದಲೇ ಆ ಮಾತು ಬಾಯಿಯಿಂದ ಹಾರಿತು. “ದೇವರಾಣೆ ಒಂದೂ ನನ್ನದಲ್ಲ! ನನಗೆ ಅಂಗಡಿಯೇ ಇಲ್ಲ!”

“ಅದನ್ನು ಇನ್‌ಕಮ್ ಟ್ಯಾಕ್ಸಿನವರಿಗೆ ಹೇಳಿ” ಎಂದು ತಿರುಗಿ ಹೊರಟೇಬಿಟ್ಟರು. ತಿರುಗಿದಾಗ ನೋಡಿದೆ. ಬಿಳಿ ಶರಟಿನ ಬೆನ್ನ ತುಂಬ ಕೆಂಪಗೆ, ಉಲ್ಟಾ ಅಕ್ಷರದಲ್ಲಿ, ‘ಸೆಂಟರ್’!

“ಮಾವ, ಸಾಕ್ಷಿ ನಿಮ್ಮ ಬೆನ್ನಲ್ಲೇ ಉಂಟು!” ಎಂದು ಗೇಟಿನ ತನಕ ಓಡಿದೆ. ಅವರು ಶರಟು ಬಿಚ್ಚಿ ನೋಡಿದರು. ಹಸಿ ಬಣ್ಣ ನೋಡಿದರು, ಬೋರ್ಡು ನೋಡಿದರು. ನನ್ನದು ಒಂಬತ್ತು ಅಂಗಡಿ ಅಲ್ಲ, ಬರೀ ಬೋರ್ಡು ಬರೆಸಿಕೊಡುವ ವ್ಯವಹಾರ ಎಂದು ಅರ್ಥ ಮಾಡಿಕೊಂಡರು. ಬರಿಮೈಯಲ್ಲಿ ಜಗಲಿಗೆ ಬಂದು ಕೂತರು. ದೊಡ್ಡಮ್ಮ ತಂದ ಚಹಾ ಕುಡಿದರು.

ಕೊನೆಗೆ ಲೋಟ ಕೆಳಗಿಟ್ಟು ದೊಡ್ಡಮ್ಮನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

“ಈ ಪೌಡರಿನ ಹುಡುಗ ನಮಗೆ ಬೇಡ. ಬೆಳಿಗ್ಗೆ ಲುಂಗಿ ಉಟ್ಟುಕೊಂಡು ಒಬ್ಬ ಬರೀತಾ ಇದ್ದನಲ್ಲ, ಕಾಲು ಗಂಟೆ ನಿಂತು ನೋಡಿದೆ, ತಲೆ ಎತ್ತಲಿಲ್ಲ. ಎಂತ ಕೈ ಮಾರಾಯ್ತಿ! ಅವನಿಗೆ ಮದುವೆ ಆಗಿದೆಯಾ?”

ನಾನು ಒಳಗೆ ಓಡಿಹೋಗಿ ಲುಂಗಿ ಉಟ್ಟುಕೊಂಡು ಬಂದೆ.